ಮಸ್ಲಿನ್ನಿನೊಳಗಿನ ಎಲುಬು

1795, ಮಾರ್ಚ್ 3, ಮಂಗಳವಾರ

ಇಂದು ಅಂಗಡಿಗೆ ಒಂದು ಮುಷ್ಟಿ ಬಟ್ಟೆ ಬಂತು. ಮುಷ್ಟಿ ಎಂದರೆ ಮುಷ್ಟಿಯೇ. ಕರ್ನಲ್ ಬ್ರಬಾಜನ್ ಅವರ ಹೆಂಡತಿ ಮಗಳು ಲವಿನಿಯಾಳನ್ನು ಕರೆದುಕೊಂಡು ಬಂದು, ಕೈಚೀಲದಿಂದ ಸಣ್ಣ ಗಂಟೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು. ಬಿಡಿಸಿದರೆ ಬಿಡಿಸಿದಷ್ಟೂ ಬಂತು, ಇಡೀ ಗೌನಿಗೆ ಸಾಲುವಷ್ಟು. ಮಸ್ಲಿನ್. ಕರ್ನಲ್ ಸಾಹೇಬರು ಹಿಂದೂಸ್ಥಾನದಿಂದ ತಂದದ್ದಂತೆ. ಆ ಕಡೆಯ ನೇಕಾರರು ಗಾಳಿಯನ್ನೇ ನೂಲುತ್ತಾರೋ ಏನೋ, ಬಟ್ಟೆಯ ಅಡಿಯಲ್ಲಿದ್ದ ನನ್ನ ಕತ್ತರಿ ಮೇಲಿನಿಂದ ಸ್ಪಷ್ಟವಾಗಿ ಕಾಣುತ್ತಿತ್ತು.

"ಲಂಡನ್ನಲ್ಲಿ ಎಲ್ರೂ ಹಾಕ್ತಿದಾರಲ್ಲ ಮಿಸೆಸ್ ಪಿಲಿಂಜರ್, ಅದೇ ಥರದ್ದು ಬೇಕು. ಸೊಂಟ ಇಲ್ಲಿ ಬರ್ಬೇಕು," ಎಂದು ಹುಡುಗಿ ಎದೆಯ ಕೆಳಗೆ ಕೈಯಿಟ್ಟು ತೋರಿಸಿದಳು.

"ಅದು ಸೊಂಟ ಅಲ್ಲ ಮಿಸ್, ಕಂಕುಳು," ಎಂದೆ.

ತಾಯಿ ನನ್ನ ಕಿವಿಯ ಹತ್ತಿರ ಬಂದು, "ಅವಳು ನನ್ನ ಮಾತು ಕೇಳಲ್ಲ. ಆದ್ರೆ ಒಂಚೂರು ಮರ್ಯಾದೆಯಾಗಿ ಕಾಣೋ ಹಾಗೆ ಹೊಲೀರಿ. ಹಾಸಿಗೆಯಿಂದ ಎದ್ದು ಹಾಗೇ ಬಂದ್ಲು ಅಂತ ಜನ ಆಡ್ಕೋಬಾರ್ದು," ಎಂದರು.

ನನ್ನ ಎದೆಯನ್ನು ಕುಟುಕಿದ್ದು ಆ ಬಟ್ಟೆಯಲ್ಲ. ಇಷ್ಟು ವರ್ಷ ಈ ಅಂಗಡಿಗೆ ಬಂದ ಹೆಂಗಸು ಮೊದಲು ಪಕ್ಕದ ಗೇಸ್‌ಫರ್ಡ್ ಅವರ ಅಂಗಡಿಗೆ ಹೋಗುವುದು ಪದ್ಧತಿ. ಅವರು ತಿಮಿಂಗಿಲದ ಎಲುಬು ಪೋಣಿಸಿದ ಬಿಗಿಕುಪ್ಪಸ ಹೊಲಿದು ಅವಳಿಗೊಂದು ಮೈ ಮಾಡಿಕೊಡಬೇಕು, ಆಮೇಲೆ ಅವಳು ನಡುವಿನ ಬಾಗಿಲಿನಿಂದ ಈಚೆಗೆ ಬರಬೇಕು, ಆ ಮೈಗೆ ನಾನು ರೇಷ್ಮೆ ತೊಡಿಸಬೇಕು. ಅವರು ಗೋಡೆ, ನಾನು ಸುಣ್ಣಬಣ್ಣ. ಮಿಸ್ ಲವಿನಿಯಾ ಆ ಬಾಗಿಲಿನ ಕಡೆ ತಿರುಗಿಯೂ ನೋಡದೆ ಹೊರಟುಹೋದಳು.

ಮಾರ್ಚ್ 6, ಶುಕ್ರವಾರ

ಅಂಗಡಿಯ ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತು ಉಸಿರು ತೆಗೆದುಕೊಂಡೆ. ವಯಸ್ಸು.

ಗೇಸ್‌ಫರ್ಡ್ ಅವರ ಅಂಗಡಿಯಲ್ಲಿ ಗಿರಾಕಿಗಳಿಲ್ಲ. ಚಹಾ ತೆಗೆದುಕೊಂಡು ಹೋದೆ. ಮನುಷ್ಯ ಕಿಟಕಿಯ ಬಳಿ ಕುಳಿತು ಯಾರೂ ಕೇಳದ ಎಲುಬನ್ನು ಸೀಳುತ್ತಿದ್ದರು.

"ಯಾರಿಗೆ ಇದು?"

"ಯಾರಿಗೂ ಇಲ್ಲ. ಕೈ ಮರೀಬಾರ್ದಲ್ಲ ಮಿಸೆಸ್ ಪಿಲಿಂಜರ್."

"ಇವತ್ತು ಬೀದೀಲಿ ಮೂರು ಹುಡ್ಗೀರನ್ನ ನೋಡ್ದೆ. ದಿಂಬಿನ ಚೀಲಕ್ಕೆ ದಾರ ಕಟ್ಟಿದ ಹಾಗಿದ್ರು."

"ನಾನು ನಾಲ್ವರನ್ನ ನೋಡ್ದೆ. ಒಬ್ಬಳು ಬಗ್ಗಿ ನಾಯಿಮರಿ ಎತ್ಕೊಂಡ್ಲು. ಬಗ್ಗಿ! ನನ್ನ ಕುಪ್ಪಸ ಹಾಕಿರೋ ಯಾವ ಹೆಂಗಸೂ ಈವರೆಗೆ ಬಗ್ಗಿಲ್ಲ."

ಹೆಮ್ಮೆಯಿಂದಲೇ ಹೇಳಿದರು. ನಾನೂ ಹೆಮ್ಮೆಯಿಂದಲೇ ಕೇಳಿದೆ. ನಾನು ತೊಟ್ಟಿರುವುದೂ ಅವರ ಕೈಯದೇ.

ಆಮೇಲೆ ಹಳೆಯ ಮಾತು ಎದ್ದಿತು. ನಾನು ಬ್ರಿಸ್ಟಲಿನ ಹಾಯಿಪಟ ಹೊಲಿಯುವವನ ಮಗಳು. ಸೂಜಿಡಬ್ಬಿ ಮತ್ತು ಬಾಯಿ, ಎರಡನ್ನೇ ನಂಬಿಕೊಂಡು ಈ ಬಾತ್ ಊರಿಗೆ ಬಂದವಳು. ಆಗಿನ ಗೌನುಗಳು! ಸೊಂಟದ ಎರಡೂ ಪಕ್ಕಕ್ಕೆ ಬೆತ್ತದ ಚೌಕಟ್ಟು, ಅದರ ಮೇಲೆ ರೇಷ್ಮೆ. ಹೆಂಗಸರು ಬಾಗಿಲನ್ನು ಏಡಿಯ ಹಾಗೆ ಅಡ್ಡಡ್ಡ ದಾಟಬೇಕಿತ್ತು. ಬೀದಿಯಲ್ಲಿ ಇಬ್ಬರು ಎದುರಾದರೆ ಯಾರ ಗಂಡ ದೊಡ್ಡವನು ಎಂದು ತೀರ್ಮಾನವಾದ ಮೇಲೆ ಇನ್ನೊಬ್ಬಳು ಗೋಡೆಗೆ ಸರಿಯುತ್ತಿದ್ದಳು. ಮೇನೆಯಲ್ಲಿ ಕೂತವರ ತಲೆಗೂದಲ ಗೋಪುರ ಹಿಡಿಸದೆ ಮೇನೆಯ ಮುಚ್ಚಳವನ್ನೇ ತೆಗೆದಿಡುತ್ತಿದ್ದರು.

"ಸದ್ದು ನೆನಪಿದ್ಯಾ ನಿಮ್ಗೆ?" ಎಂದರು ಗೇಸ್‌ಫರ್ಡ್. "ಮೆಟ್ಲು ಹತ್ತುವಾಗ್ಲೇ ಗೊತ್ತಾಗ್ತಿತ್ತು, ಯಾರು ಬಂದ್ರು ಅಂತ."

ನೆನಪಿಲ್ಲದೆ ಏನು? ದಪ್ಪ ರೇಷ್ಮೆ ಒಣಗಿದ ಎಲೆಗಳ ಮೇಲೆ ನಡೆದ ಹಾಗೆ, ತೆಳು ರೇಷ್ಮೆ ಯಾರೋ ಗುಟ್ಟು ಹೇಳಿದ ಹಾಗೆ. ಮಸ್ಲಿನ್ ತೊಟ್ಟವಳು ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಅಂಗಡಿ ಇಟ್ಟವಳಿಗೆ ಇದು ಒಳ್ಳೆಯದಲ್ಲ.

ಮಾರ್ಚ್ 12, ಗುರುವಾರ

ಬೆಳಗಿನ ಬೆಳಕಿನಲ್ಲಿ ಮಸ್ಲಿನ್ ಕತ್ತರಿಸಿದೆ. ಕತ್ತರಿ ಹಾಕುವ ಮುನ್ನ ಮೂರು ಸಲ ಅಳೆದೆ ಎಂದು ಇಲ್ಲಿ ಮಾತ್ರ ಬರೆಯುತ್ತೇನೆ.

ರೇಷ್ಮೆಗೆ ಕತ್ತರಿ ಎನ್ನುವುದು ಕೊನೆಯ ಮಾತು. ಮಡಿಸು, ನೆರಿಗೆ ಹಿಡಿ, ಒಳಗೆ ಸೇರಿಸು, ಆದಷ್ಟೂ ಬಟ್ಟೆಯನ್ನು ಇಡಿಯಾಗಿ ಉಳಿಸು. ನಾಳೆ ಬಿಚ್ಚಿ ಬೇರೆಯದನ್ನು ಹೊಲಿಯಬೇಕಲ್ಲ. ಕಾರ್ನೇಷನ್ ಹೂಗಳ ಒಂದು ಪೀಚ್ ಬಣ್ಣದ ರೇಷ್ಮೆ ನಾಲ್ಕು ಸಲ ನನ್ನ ಕೈಗೆ ಬಂದಿದೆ. ಮೊದಲು ಮದುಮಗಳ ಉಡುಪಾಗಿ, ಆಮೇಲೆ ಹೊಸ ಮಾದರಿಯ ಗೌನಾಗಿ, ಆಮೇಲೆ ಅವಳ ಮಗಳ ಲಂಗವಾಗಿ, ಕಡೆಗೆ ಮೊಮ್ಮಗುವಿನ ನಾಮಕರಣದ ಹೊದಿಕೆಯಾಗಿ. ಪ್ರತಿ ಸಲ ಬಿಚ್ಚುವಾಗಲೂ ನನ್ನ ಹಳೆಯ ಹೊಲಿಗೆ ಕಾಣುತ್ತಿತ್ತು. ಆ ಹೂವುಗಳು ನನಗೆ ಸಂಬಂಧಿಕರಾಗಿಬಿಟ್ಟಿದ್ದವು. ಈ ಮಸ್ಲಿನ್ನನ್ನು ಮತ್ತೊಮ್ಮೆ ಯಾರು ಬಿಚ್ಚುತ್ತಾರೆ? ಹರಿದರೆ ಪಾತ್ರೆ ಒರೆಸಬೇಕು, ಅಷ್ಟೆ.

ಹೊಲಿದಾಯಿತು. ಎತ್ತಿ ಹಿಡಿದರೆ ಜೋತುಬಿತ್ತು. ನಮ್ಮ ರೇಷ್ಮೆಗೌನನ್ನು ನೆಲದ ಮೇಲಿಟ್ಟರೆ ತಾನೇ ನಿಲ್ಲುತ್ತಿತ್ತು, ಒಳಗೆ ಹೆಂಗಸೇ ಬೇಕಿರಲಿಲ್ಲ. ಇದು ಕೈಯಲ್ಲಿ ಸತ್ತ ಕೋಳಿಯ ಹಾಗೆ. ತಾಯಿ ಹೇಳಿದ ಮರ್ಯಾದೆಯನ್ನು ಇದರಲ್ಲಿ ಎಲ್ಲಿ ಇಡಲಿ?

ಪಕ್ಕದ ಅಂಗಡಿಗೆ ಹೋಗಿ ಚೂರುಪಾರು ಹಾಕುವ ಬುಟ್ಟಿಗೆ ಕೈ ಹಾಕಿದೆ.

"ಏನು ಕದೀತಿದೀರಾ?" ಎಂದರು ಗೇಸ್‌ಫರ್ಡ್, ತಲೆ ಎತ್ತದೆ.

"ನಿಮ್ಮ ಕಸ."

"ಕಸ ಅನ್ಬೇಡಿ. ಗ್ರೀನ್‌ಲ್ಯಾಂಡ್ ಕಡೆ ಎಷ್ಟು ಜನ ಅದಕ್ಕೋಸ್ಕರ ಚಳೀಲಿ ಸತ್ತಿದಾರೆ. ಯಾರಿಗೆ?"

"ಕರ್ನಲ್ ಮಗಳಿಗೆ. ಅಸ್ತರಿನೊಳಗೆ ಸೇರಿಸ್ತೀನಿ. ಅವಳಿಗೇ ಗೊತ್ತಾಗಲ್ಲ."

ಅವರು ಕತ್ತಿ ಕೆಳಗಿಟ್ಟು ನಕ್ಕರು. ಬಹಳ ದಿನವಾಗಿತ್ತು. "ತನ್ನಿ ಇಲ್ಲಿ. ತೆಳ್ಳಗೆ ಮಾಡಿ ಕೊಡ್ತೀನಿ, ಇಲ್ದಿದ್ರೆ ಹುಡುಗಿಗೆ ಚುಚ್ಚುತ್ತೆ."

ಹುಲ್ಲಿನ ಎಸಳಿನಷ್ಟು ತೆಳ್ಳಗೆ ಹೆರೆದುಕೊಟ್ಟರು. ಎದೆಯ ಕೆಳಗೆ, ಬೆನ್ನಿನಲ್ಲಿ, ಅಸ್ತರು ಮತ್ತು ಬಟ್ಟೆಯ ನಡುವೆ ಪೋಣಿಸಿದೆ. ಗೌನು ತಲೆ ಎತ್ತಿ ನಿಂತಿತು. ನನಗೂ ಸಮಾಧಾನವಾಯಿತು.

ಮಾರ್ಚ್ 16, ಸೋಮವಾರ

ಶನಿವಾರ ಗೌನು ಒಪ್ಪಿಸಿದೆ. ನಿನ್ನೆ ಹುಡುಗಿ ಅದನ್ನು ತೊಟ್ಟು ತಿರುಗಾಡಿ ಬಂದಳಂತೆ. ಇವತ್ತು ಬೆಳಗ್ಗೆ ಇಬ್ಬರು ಹೊಸಬರು ಬಂದು, "ಬ್ರಬಾಜನ್ ಅವರ ಹುಡುಗಿಯದು ಬೇರೆಯವರ ಹಾಗೆ ಜೋತುಬಿದ್ದಿರ್ಲಿಲ್ಲ, ಅದೇ ಥರ ಬೇಕು," ಎಂದರು. ಗುಟ್ಟು ಗೇಸ್‌ಫರ್ಡ್ ಅವರಿಗೆ ಮತ್ತು ನನಗೆ ಮಾತ್ರ ಗೊತ್ತು. ಇಬ್ಬರೂ ಬಾಗಿಲ ಬಳಿ ನಿಂತು ಕಳ್ಳರ ಹಾಗೆ ನಕ್ಕೆವು.

ಮಾರ್ಚ್ 24, ಮಂಗಳವಾರ

ಹೋಯಿತು. ಎಲ್ಲ ಹೋಯಿತು.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ರೇಷ್ಮೆಗೌನಿಗೆ ನೀರು ತೋರಿಸುವ ಹೆಂಗಸನ್ನು ನಾನು ಕಂಡಿಲ್ಲ. ಕಲೆಯಾದರೆ ಹಳಸಿದ ಬ್ರೆಡ್ಡಿನಿಂದ ಉಜ್ಜುತ್ತೇವೆ, ಗಾಳಿಗೆ ಹಾಕುತ್ತೇವೆ. ಬಿಗಿಕುಪ್ಪಸಕ್ಕೂ ಅಷ್ಟೆ, ಒಗೆಯುವುದೇನಿದ್ದರೂ ಒಳಗಿನ ಬಿಳಿ ಅಂಗಿಯನ್ನು. ಹೀಗೆ ಬದುಕು ಸವೆಸಿದ ನಮ್ಮಿಬ್ಬರಿಗೂ ಒಂದು ಮಾತು ತಲೆಗೆ ಬರಲಿಲ್ಲ: ಮಸ್ಲಿನ್ ಗೌನನ್ನು ವಾರವಾರ ಒಗೆಯುತ್ತಾರೆ. ಹಂಡೆಯಲ್ಲಿ ಕುದಿಸುತ್ತಾರೆ!

ಬಟ್ಟೆ ಒಗೆಯುವ ಬೆಟ್ಟಿ ಹಾಬ್ಸ್ ತಾನೇ ಓಡಿಬಂದು ಹೇಳಿದಳು.

"ಹಂಡೆಯಿಂದ ತೆಗ್ದಾಗ್ಲೇ ಕೈಗೆ ಏನೋ ಸಿಕ್ತು ಅಮ್ಮಾವ್ರೆ. ಮೀನಿನ ಮುಳ್ಳಿದ್ದ ಹಾಗೆ."

"ಸಿಕ್ಕಾಗ ನಂಗೆ ಹೇಳೋದಲ್ವೇನೆ?"

"ಈಗಿನ ಫ್ಯಾಷನ್ ನಂಗೇನು ಗೊತ್ತು? ಒಬ್ರು ತಲೆ ಮೇಲೆ ಹಕ್ಕಿ ಇಟ್ಕೋತಾರೆ, ಒಬ್ರು ಹಡಗು ಇಟ್ಕೋತಿದ್ರು. ಇದೂ ಇರ್ಬೋದು ಅನ್ಕೊಂಡೆ. ಹಗ್ಗದ ಮೇಲೆ ಮಡ್ಚಿ ಒಣಗ್ಹಾಕ್ದೆ. ಇಸ್ತ್ರಿ ಮಾಡುವಾಗ ಗಂಟು ಗಂಟಾಗಿತ್ತು, ಸುತ್ತಲೂ ಬಳಸ್ಕೊಂಡು ಮಾಡ್ದೆ."

ಬಿಸಿನೀರಿನಲ್ಲಿ ಎಲುಬು ಮೆತ್ತಗಾಗುತ್ತದೆ, ತಣ್ಣಗಾದಾಗ ಹೇಗಿದೆಯೋ ಹಾಗೇ ಸೆಟೆಯುತ್ತದೆ. ಹಗ್ಗದ ಮೇಲೆ ಮಡಿಸಿದ ಎಲುಬು ಮಡಿಸಿದಂತೆಯೇ ಉಳಿಯಿತು. ಇಂದು ಬೆಳಗ್ಗೆ ಪಂಪ್ ರೂಮಿನಲ್ಲಿ, ವಾದ್ಯದವರು ನುಡಿಸುತ್ತಿರುವಾಗ, ಊರಿನ ದೊಡ್ಡವರೆಲ್ಲ ಔಷಧಿಯ ನೀರು ಕುಡಿಯುತ್ತ ನಿಂತಿರುವಾಗ, ಮಿಸ್ ಲವಿನಿಯಾಳ ಎದೆಯ ಕೆಳಗಿನ ಬಟ್ಟೆ ಸೀಳಿ ಒಂದು ಎಲುಬು ಹೊರಗೆ ಬಂತು. ಬಂದು ಟಗರಿನ ಕೊಂಬಿನ ಹಾಗೆ ಮೇಲಕ್ಕೆ ಸುತ್ತಿಕೊಂಡಿತು. ಯಾರೋ ಒಬ್ಬ ಮುದುಕ ಕುಡಿಯುತ್ತಿದ್ದ ನೀರನ್ನು ಮೂಗಿನಿಂದ ಬಿಟ್ಟನಂತೆ.

ಮಧ್ಯಾಹ್ನದೊಳಗೆ ಹೊಸಬರಿಬ್ಬರೂ ಆಳುಗಳನ್ನು ಕಳಿಸಿ ತಮ್ಮ ಬಟ್ಟೆ ವಾಪಸು ತರಿಸಿಕೊಂಡರು. ಇಪ್ಪತ್ತೆಂಟು ವರ್ಷ ಕಟ್ಟಿದ ಹೆಸರು ಒಂದು ಚೂರು ಎಲುಬಿಗೆ ಸಿಕ್ಕಿ ಹರಿಯಿತು. ಅಂಗಡಿ ಉಳಿಯುವುದಿಲ್ಲ.

ಮಾರ್ಚ್ 25, ಬುಧವಾರ

ಮಿಸೆಸ್ ಬ್ರಬಾಜನ್ ಬಂದರು. ಅವರಿನ್ನೂ ರೇಷ್ಮೆ ಉಡುವವರು. ಸದ್ದು ಕೇಳಿಯೇ ನಾನು ಎದ್ದು ನಿಂತೆ. ಗೌನನ್ನು ಮೇಜಿನ ಮೇಲೆ ಎಸೆದು, "ಇದೇನು ಅಂತ ಹೇಳ್ತೀರಾ?" ಎಂದರು.

ನನ್ನ ಬಾಯಿ ಯಾವತ್ತೂ ನನಗೆ ಕೈಕೊಟ್ಟದ್ದಿಲ್ಲ. ಇಂದು ಕೊಟ್ಟಿತು. ಅಷ್ಟರಲ್ಲಿ ನಡುವಿನ ಬಾಗಿಲಿನಿಂದ ಗೇಸ್‌ಫರ್ಡ್ ಬಂದರು, ಏಪ್ರನ್ ಕೂಡ ಬಿಚ್ಚದೆ.

"ಅದು ನನ್ನ ಕೆಲಸ ಮೇಡಂ. ಮಿಸೆಸ್ ಪಿಲಿಂಜರ್ ಊಟಕ್ಕೆ ಹೋಗಿದ್ದಾಗ ನಾನೇ ತುರುಕಿದ್ದು. ಅವರಿಗೆ ಗೊತ್ತಿಲ್ಲ."

"ಯಾಕೆ?"

"ನೋಡೋಕೆ ಆಗ್ಲಿಲ್ಲ ಮೇಡಂ. ಹಳೇ ಕಾಲದೋನು."

ಮಿಸೆಸ್ ಬ್ರಬಾಜನ್ ಗೇಸ್‌ಫರ್ಡ್ ಅವರಿಗೆ ಅಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಮನುಷ್ಯ ತಲೆ ತಗ್ಗಿಸಿ ಕೇಳಿಸಿಕೊಂಡರು. ನಾನು ಮಧ್ಯೆ ಬಾಯಿ ತೆರೆದೆ. ಗೇಸ್‌ಫರ್ಡ್ ನನ್ನ ಕಡೆ ಒಂದು ನೋಟ ಬೀರಿದರು, ಮುಚ್ಚಿದೆ. ಆಮೇಲೆ ನಾನು ಅವರೊಡನೆ ಜಗಳಕ್ಕೆ ಹೋದರೆ, "ನನ್ನ ಹೆಸರಿಗೆ ಇನ್ನು ಅಷ್ಟೇ ಬೆಲೆ ಇರೋದು. ಕೆಲಸಕ್ಕೆ ಬರೋವಾಗ್ಲೇ ಖರ್ಚು ಮಾಡಿದ್ದು ಒಳ್ಳೇದು. ನೀವು ವ್ಯಾಪಾರದೋರು, ಗೊತ್ತಾಗ್ಬೇಕು," ಎಂದರು.

ಲೆಕ್ಕ ಸರಿಯಾಗಿಯೇ ಇದೆ. ಅವರ ಕಸುಬು ಹೇಗೂ ಮುಗಿಯುತ್ತಿತ್ತು, ನನ್ನದು ಉಳಿಯಿತು. ಇಷ್ಟು ಸರಿಯಾದ ಲೆಕ್ಕವನ್ನು ಯಾಕೆ ಮತ್ತೆ ಮತ್ತೆ ಕೂಡಿಸುತ್ತಿದ್ದೇನೋ.

ಮಾರ್ಚ್ 30, ಸೋಮವಾರ

ಗಿರಾಕಿಗಳು ಮರಳಿ ಬಂದರು. ಪಕ್ಕದ ಅಂಗಡಿಗೆ ಇನ್ನೂ ಬರುತ್ತಿದ್ದ ಮುದುಕಿಯರೂ ಬರುವುದನ್ನು ಬಿಟ್ಟರು.

ಏಪ್ರಿಲ್ 5, ಈಸ್ಟರ್ ಭಾನುವಾರ

ಈ ಬಟ್ಟೆಯ ಗುಣ ತಿಳಿಯದೆ ಇನ್ನೊಂದು ಎಡವಟ್ಟಾಗಬಾರದು ಎಂದು ಮ್ಯಾಂಚೆಸ್ಟರಿನ ಅಗ್ಗದ ಮಸ್ಲಿನ್ ತರಿಸಿ ನನಗೇ ಒಂದು ಗೌನು ಹೊಲಿದುಕೊಂಡೆ. ಕಲಿಯುವುದಕ್ಕೆ ಮಾತ್ರ. ಇಗರ್ಜಿಗೆ ಹಳೆಯ ಕಂದು ರೇಷ್ಮೆಯಲ್ಲೇ ಹೋಗಿಬಂದು, ಬಾಗಿಲು ಹಾಕಿಕೊಂಡು ಇದನ್ನು ತೊಟ್ಟು ನೋಡಿದೆ. ಕನ್ನಡಿಯಲ್ಲಿ ಯಾರೋ ಅಡುಗೆಯವಳು ನಿಂತಿದ್ದಳು. ನಕ್ಕೆ. ನಗುವಾಗ ಹೊಟ್ಟೆಯವರೆಗೂ ಅಲುಗಿತು.

ನೆಲದ ಮೇಲೆ ಬಿದ್ದ ಹೊಲಿಗೆಯ ಬೆರಳುಟೋಪಿ ಎತ್ತಿಕೊಂಡೆ. ಎತ್ತಿಕೊಂಡ ಮೇಲೆ ಆಶ್ಚರ್ಯವಾಯಿತು, ಇಷ್ಟು ವರ್ಷ ಯಾರಿಗಾದರೂ ಹೇಳಿಯೇ ಎತ್ತಿಸುತ್ತಿದ್ದೆ.

ಸಂಜೆ ಶಾಲು ಹೊದ್ದು ಹಾಗೇ ಬೀಚನ್ ಗುಡ್ಡದ ಕಡೆ ನಡೆದೆ. ಮೇಲಿನಿಂದ ಊರು ಪೂರ್ತಿ ಕಾಣುತ್ತದೆ, ಹಳದಿ ಕಲ್ಲಿನ ಮನೆಗಳು, ನದಿ. ಮದುವೆಯಾದ ಹೊಸದರಲ್ಲಿ ನನ್ನ ಗಂಡ ಇಲ್ಲಿಗೆ ಕರೆದುಕೊಂಡು ಬರುತ್ತೇನೆ ಎಂದು ಹೊರಡಿಸಿದ್ದ, ನಾನು ಅರ್ಧದಲ್ಲೇ ಉಸಿರು ಕಟ್ಟಿ ಕುಳಿತಿದ್ದೆ. ಆಮೇಲೆ ಅವನು ಬಹಳ ದಿನ ಬದುಕಲಿಲ್ಲ. ಇವತ್ತು ಎಲ್ಲೂ ನಿಲ್ಲಲಿಲ್ಲ. ಹವೆ ತಿಳಿಯಾಗಿರಬೇಕು.

ಗೇಸ್‌ಫರ್ಡ್ ಅವರಿಗೆ ಇದನ್ನು ಹೇಳಬೇಕೆನಿಸಿತು, ಹೇಳಲಿಲ್ಲ. ಅವರು ಮಾಡಿಕೊಟ್ಟ ಕುಪ್ಪಸವನ್ನು ಕುರ್ಚಿಯ ಮೇಲೆ ಬಿಟ್ಟು ಹೋಗಿದ್ದೆ ಎನ್ನುವುದು ಹೇಗೆ?

ಏಪ್ರಿಲ್ 11, ಶನಿವಾರ

ಕೆಲಸ ತುಂಬಿದೆ. ಮಸ್ಲಿನ್, ಮಸ್ಲಿನ್, ಮಸ್ಲಿನ್. ಈಗ ಒಂದೇ ಸಲ ಅಳೆದು ಕತ್ತರಿಸುತ್ತೇನೆ. ದೊಡ್ಡ ಬಟ್ಟೆಯನ್ನು ನೆಲದ ಮೇಲೆ ಹರಡಿ ಮಂಡಿಯೂರಿ ಕತ್ತರಿಸುವುದು ಸುಲಭ.

ಗೇಸ್‌ಫರ್ಡ್ ಮುಂದಿನ ಶನಿವಾರದ ಗಾಡಿಗೆ ಫ್ರೋಮ್ ಊರಿಗೆ, ತಂಗಿಯ ಮನೆಗೆ ಹೋಗುತ್ತಾರಂತೆ. ಅಂಗಡಿಯನ್ನು ಟೋಪಿ ಮಾರುವವನೊಬ್ಬ ಕೇಳಿದ್ದಾನಂತೆ.

"ಅಲ್ಲಿ ಏನ್ಮಾಡ್ತೀರಿ?"

"ತಂಗಿ ಕೋಳಿ ಸಾಕಿದಾಳೆ."

"ಕೋಳಿಗೆ ಕುಪ್ಪಸ ಹೊಲೀತೀರಾ?"

"ಅವುಕ್ಕೆ ಒಳಗೇ ಎಲುಬಿದೆ ಮಿಸೆಸ್ ಪಿಲಿಂಜರ್. ದೇವರು ನಮಗಿಂತ ಮೊದ್ಲೇ ಅಂಗಡಿ ಇಟ್ಟಿದಾನೆ."

ಇಬ್ಬರೂ ನಗಲಿಲ್ಲ.

ಏಪ್ರಿಲ್ 17, ಶುಕ್ರವಾರ

ಇಂದು ನನ್ನಂಥ ಮೂರ್ಖ ವ್ಯಾಪಾರಿ ಈ ಬೀದಿಯಲ್ಲಿ ಇನ್ನೊಬ್ಬಳಿಲ್ಲ.

ಮಿಸೆಸ್ ಬ್ರಬಾಜನ್ ಬಂದರು. ಈ ಸಲ ಬಂದದ್ದು ಗೊತ್ತಾಗಲಿಲ್ಲ. ಅವರೂ ಮಸ್ಲಿನ್ ತೊಟ್ಟಿದ್ದರು! ಮಗಳ ಮದುವೆ ಗೊತ್ತಾಗಿದೆ, ಜೂನ್ ತಿಂಗಳಲ್ಲಿ. ಮದುಮಗಳ ಗೌನು, ಹೊಸ ಮನೆಗೆ ಒಯ್ಯುವ ಸಕಲ ಉಡುಪು, ಗೆಳತಿಯರದು, ತಾಯಿಯದು, ಎಲ್ಲ ನನ್ನ ಕೈಯಲ್ಲೇ ಆಗಬೇಕಂತೆ. ವರುಷವಿಡೀ ಬೇರೆ ಗಿರಾಕಿ ಬಾರದಿದ್ದರೂ ನಡೆಯುತ್ತಿತ್ತು.

"ಒಂದು ಮಾತು," ಎಂದರು. "ಆ ಎಲುಬಿನ ಮನುಷ್ಯ ನನ್ನ ಮಗಳ ಬಟ್ಟೆ ಹತ್ರ ಸುಳೀಬಾರ್ದು. ಆ ಬಾಗ್ಲಿಗೆ ಇಟ್ಟಿಗೆ ಹಾಕ್ಸಿ ಮುಚ್ಚಿಸ್ಬಿಡಿ. ಅಂಥೋನನ್ನ ಊರಲ್ಲೇ ಇಟ್ಕೋಬಾರ್ದು."

ನಾಳೆ ಗೇಸ್‌ಫರ್ಡ್ ತಾವೇ ಊರು ಬಿಟ್ಟು ಹೋಗುತ್ತಿದ್ದಾರೆ. 'ಆಗಲಿ ಮೇಡಂ' ಎಂದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಯಲ್ಲಿತ್ತು. ಬಂದದ್ದು ಬೇರೆ.

"ಎಲುಬು ಇಟ್ಟವಳು ನಾನು ಮೇಡಂ."

"ಏನಂದ್ರಿ?"

"ಅವರು ಹೆರೆದು ಕೊಟ್ರು, ನಿಮ್ಮ ಮಗಳಿಗೆ ಚುಚ್ಚಬಾರ್ದು ಅಂತ. ಪೋಣಿಸಿದ ಕೈ ಇದು. ನೀವೇ ಮರ್ಯಾದೆಯಾಗಿರ್ಲಿ ಅಂದಿದ್ರಿ. ನಂಗೆ ಮರ್ಯಾದೆ ಅಂದ್ರೆ ಅದೊಂದೇ ಗೊತ್ತಿತ್ತು."

ಅವರ ಮುಖ ಕೆಂಪಾಯಿತು. "ಅಂದ್ರೆ ಇಷ್ಟು ದಿನ ನೀವು ಸುಮ್ನೆ ನಿಂತು..."

"ಹೌದು ಮೇಡಂ. ಸುಮ್ನೆ ನಿಂತಿದ್ದೆ. ಬಾಗ್ಲು ಮುಚ್ಚಿಸೋಕಾಗಲ್ಲ."

ಅವರು ತಮ್ಮ ಬಟ್ಟೆಯ ಗಂಟನ್ನೆತ್ತಿಕೊಂಡು ಹೊರಟರು. ಮಿಸ್ ಲವಿನಿಯಾ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು ತಿರುಗಿ ನೋಡಿದಳು. ನಕ್ಕಳೋ, ಕನಿಕರಿಸಿದಳೋ, ತಿಳಿಯಲಿಲ್ಲ. ತಾಯಿ ಕೂಗಿದರು, ಹೋದಳು. ಇಷ್ಟು ಹೊತ್ತಿಗೆ ಬೀದಿಯ ಕೊನೆಯವರೆಗೂ ಸುದ್ದಿ ಮುಟ್ಟಿರುತ್ತದೆ. ಗೇಸ್‌ಫರ್ಡ್ ಕೊಟ್ಟದ್ದನ್ನೂ ಕಳೆದೆ, ನನ್ನದನ್ನೂ ಕಳೆದೆ. ಯಾವ ಕಡೆಯಿಂದ ಕೂಡಿಸಿದರೂ ನಷ್ಟವೇ.

ಹಸಿವಾಗಿತ್ತು. ಇಡೀ ಕಡುಬು ತಿಂದೆ.

ಏಪ್ರಿಲ್ 18, ಶನಿವಾರ

ಬೆಳಗ್ಗೆ ಅವರನ್ನು ಕಳಿಸಿಕೊಡಲು ಪಕ್ಕದ ಅಂಗಡಿಗೆ ಹೋದೆ. ಮಸ್ಲಿನ್ ಗೌನಿನಲ್ಲೇ ಹೋದೆ ಎನ್ನುವುದು ಹೋದ ಮೇಲೆ ನೆನಪಾಯಿತು.

ಗೇಸ್‌ಫರ್ಡ್ ಪೆಟ್ಟಿಗೆಯ ಮೇಲೆ ಕುಳಿತಿದ್ದರು. ಮೊಳೆಗೆ ಸಿಕ್ಕಿಸಿದ್ದ ಅಳತೆಪಟ್ಟಿಗಳ ಕಟ್ಟು ಮಡಿಲಲ್ಲಿತ್ತು. ಗಿರಾಕಿ ಮೊದಲ ಸಲ ಬಂದಾಗ ಅವರು ಒಂದು ಕಾಗದದ ಪಟ್ಟಿ ಕತ್ತರಿಸಿ, ಎದೆಗೆ ಇಷ್ಟು, ಸೊಂಟಕ್ಕೆ ಇಷ್ಟು ಎಂದು ಅಂಚಿನಲ್ಲಿ ಕಚ್ಚು ಹಾಕಿ, ಅವಳ ಹೆಸರು ಬರೆದು ನೇತುಹಾಕುತ್ತಾರೆ. ಊರಿನ ಹೆಂಗಸರೆಲ್ಲ ಅಲ್ಲಿ ಕಾಗದವಾಗಿದ್ದರು. ಒಂದೊಂದನ್ನೇ ಓದಿ ಬೆಂಕಿಗೆ ಹಾಕುತ್ತಿದ್ದರು. ಯಾರು ಮದುವೆಗೆ ಮುಂಚೆ ಉಸಿರು ಬಿಗಿಹಿಡಿದು ಅಳತೆ ಕೊಟ್ಟದ್ದು, ಯಾರು ಬಸುರಾದದ್ದನ್ನು ಗಂಡನಿಗಿಂತ ಮೊದಲು ಅವರಿಗೆ ಹೇಳಿದ್ದು, ಯಾರು ಕಾಯಿಲೆಯಲ್ಲಿ ಸಣ್ಣಗಾಗುತ್ತ ಆಗುತ್ತ ಕಚ್ಚಿನ ಮೇಲೆ ಕಚ್ಚು ಹಾಕಿಸಿಕೊಂಡು ಹೋಗಿಯೇಬಿಟ್ಟದ್ದು. ನಾನೂ ಪಕ್ಕದಲ್ಲಿ ಕುಳಿತು ಕೇಳಿದೆ. ಆಯಾ ಹೆಂಗಸಿನ ಗೌನಿನ ಬಣ್ಣ ನಾನು ಹೇಳಿದೆ. ಸಾಸಿವೆ, ನವಿಲುನೀಲಿ, ಒಣಗಿದ ಗುಲಾಬಿ. ಬೆಂಕಿ ಒಂದೇ ಬಣ್ಣದಲ್ಲಿ ಉರಿಯಿತು.

ಕಟ್ಟು ಮುಗಿದ ಮೇಲೆ ಬೈಯಲು ಶುರುಮಾಡಿದರು.

"ಬುದ್ಧಿ ಇದ್ಯೇನ್ರೀ ನಿಮಗೆ? ಗೋಡೆಯಾಚೆ ಎಲ್ಲಾ ಕೇಳಿಸ್ತು. ಮದುವೆ ಮನೆ ಕೆಲಸ! ನಾನು ಕೊಟ್ಟಿದ್ದನ್ನ ಬೀದಿಗೆ ಎಸೆದ್ರಿ."

"ನೀವು ಕೊಡುವಾಗ ನನ್ನ ಕೇಳಿದ್ರಾ?"

"ಹೀಗೆ ವ್ಯಾಪಾರ ಮಾಡಿದ್ರೆ ಚಳಿಗಾಲಕ್ಕೆ ಮುಂಚೆ ಬಾಗ್ಲು ಹಾಕ್ತೀರಿ."

"ಅದಕ್ಕೇ ಬಂದಿದ್ದು," ಎಂದೆ. ಅದಕ್ಕೆ ಬಂದಿರಲಿಲ್ಲ, ಬಾಯಿಗೆ ಆಗ ಹೊಳೆಯಿತು. "ಈ ಮಸ್ಲಿನ್ ಹುಡ್ಗೀರು ಒಳಗೆ ಏನೂ ಇಲ್ದೆ ಓಡಾಡ್ತಾರೆ ಅನ್ಕೊಂಡಿದೀರಾ? ಎಲ್ರೂ ಕೇಳ್ತಾರೆ, ಎದೆಗೆ ಆಸರೆ ಬೇಕು, ಆದ್ರೆ ಮೆತ್ತಗಿರ್ಬೇಕು, ಒಗೀಬೇಕು, ಬಗ್ಬೇಕು. ನಂಗೆ ಬರಲ್ಲ. ನಂಗೆ ಬಟ್ಟೆ ಗೊತ್ತು, ಮೈ ಗೊತ್ತಿಲ್ಲ."

"ಎಲುಬಿಲ್ದೆ?"

"ಎಲುಬಿಲ್ದೆ."

ಫ್ರೋಮಿನ ಗಾಡಿಯವನು ಬೀದಿಯಲ್ಲಿ ಕೊಂಬು ಊದಿದ. ಗೇಸ್‌ಫರ್ಡ್ ಎದ್ದು ಹೊರಗೆ ಹೋದರು. ಹೊರಟೇಬಿಟ್ಟರು ಎಂದುಕೊಂಡೆ. ಗಾಡಿಯವನಿಗೆ ಏನೋ ಹೇಳಿ ವಾಪಸು ಬಂದು, "ಎದ್ದು ನಿಂತ್ಕೊಳ್ಳಿ. ಯಾರ ಮೇಲಾದ್ರೂ ಅಳತೆ ತೆಗ್ದು ನೋಡ್ಬೇಕಲ್ಲ," ಎಂದರು.

ನಿಂತೆ. ಹಿಂದೆಲ್ಲ ಹಳೆಯ ಕುಪ್ಪಸದ ಮೇಲೆಯೇ ಅಳತೆ ತೆಗೆದುಕೊಳ್ಳುತ್ತಿದ್ದರು. ಇಂದು ಬರಿಯ ಮಸ್ಲಿನ್. ಕಾಗದ ತಣ್ಣಗಿತ್ತು. "ಉಸಿರು ಬಿಡಿ," ಎಂದರು. "ಬಿಟ್ಟಿದೀನಿ," ಎಂದೆ. "ಇನ್ನೂ ಇದೆ," ಎಂದರು. ನಿಜ, ಇತ್ತು. ಕಚ್ಚು ಹಾಕುವಾಗ ಅವರ ಕತ್ತರಿ ಎರಡು ಸಲ ತಪ್ಪಿತು. ಮೂವತ್ತು ವರ್ಷದ ಕಸುಬುದಾರ. ವಯಸ್ಸು, ಇನ್ನೇನು.

ಬರಿದಾದ ಗೋಡೆಯ ಮೇಲೆ ಆ ಒಂದೇ ಪಟ್ಟಿಯನ್ನು ಮೊಳೆಗೆ ಸಿಕ್ಕಿಸಿದರು. ಅವರು ಚಹಾ ಕಾಯಿಸಲು ಹೋದಾಗ ನೋಡಿದೆ. ಉಳಿದವರಿಗೆಲ್ಲ ಮಿಸೆಸ್ ಇಂಥವರು ಎಂದು ಮನೆತನದ ಹೆಸರು ಸಮೇತ ಬರೆಯುವವರು, ಇದರ ಮೇಲೆ 'ಥಾಮಸಿನ್' ಎಂದು ನನ್ನ ಮೊದಲ ಹೆಸರನ್ನಷ್ಟೇ ಬರೆದಿದ್ದಾರೆ. ನಾಳೆ ಗಿರಾಕಿಗಳು ಬರತೊಡಗಿದರೆ ಇಂಥದ್ದರಿಂದ ಗೊಂದಲವಾಗುತ್ತದೆ. ಪೂರ್ತಿ ಹೆಸರು ಬರೆಯುವಂತೆ ಹೇಳಬೇಕು. ಸೋಮವಾರ ಹೇಳಿದರಾಯಿತು, ಅಂಥ ಅವಸರವೇನಿಲ್ಲ.